ಹೇಳಿ ಮಾಡಿಸಿದ ಜೀನು

ಕುದುರೆಗೆ ಅಳತೆ ಕೊಟ್ಟು ಜೀನು ಮಾಡಿಸಬೇಕೇ, ಸಿದ್ಧವಾಗಿ ಸಿಗುವುದೇ ಸಾಕೇ? ಕುದುರೆ ಇಟ್ಟುಕೊಂಡವರು, ಇಟ್ಟುಕೊಳ್ಳಬೇಕೆಂದಿರುವವರು, ಎಲ್ಲರೂ ನನ್ನನ್ನು ಇದನ್ನೇ ಕೇಳುತ್ತಾರೆ. ಉತ್ತರ: ಬಹುಪಾಲು ಮಂದಿಗೆ ಬೇಡ. ಇಷ್ಟು ಸಾಕಾದವರು ಇಲ್ಲಿಂದಲೇ ಹೊರಡಬಹುದು.

ಯಾರೂ ಹೊರಡುವುದಿಲ್ಲ. ಕೇಳಲು ಬಂದವರಿಗೆ ಬೇಕಾದದ್ದು ನನ್ನ ಒಪ್ಪಿಗೆ. ‘ಒಂದು ಸಲ ಖರ್ಚು ಮಾಡಿದರೆ ಜೀವಮಾನಕ್ಕೆ ಆಯಿತಲ್ಲವೇ?’ ಎಂದು ರಾಗ ಎಳೆಯುತ್ತಾರೆ. ಯಾರ ಜೀವಮಾನಕ್ಕೆ? ಎಣ್ಣೆ ತೀಡಿ ನೋಡಿಕೊಂಡರೆ ಒಳ್ಳೆಯ ಚರ್ಮ 20 ವರ್ಷ ಬಾಳುತ್ತದೆ, ಒಪ್ಪಿದೆ. ಕುದುರೆಯ ಬೆನ್ನು ಹಾಗಲ್ಲ. ಕೆಲಸ ಹೆಚ್ಚಿದರೆ ಸ್ನಾಯು ತುಂಬಿಕೊಳ್ಳುತ್ತದೆ, ಎರಡು ತಿಂಗಳು ಕಟ್ಟಿಹಾಕಿದರೆ ಇಳಿದುಹೋಗುತ್ತದೆ, ಹಸಿಹುಲ್ಲು ಜಾಸ್ತಿಯಾದರೆ ಪಕ್ಕೆ ಉಬ್ಬುತ್ತದೆ.

ನಾನೂ ಒಮ್ಮೆ ಮಾಡಿಸಿದ್ದೆ, ನಾಲ್ಕು ವರ್ಷದ ಹೆಣ್ಣುಕುದುರೆಗೆ. ಅಳತೆಗೆ ಬಂದವನು ಬಾಗುವ ಪಟ್ಟಿಯೊಂದನ್ನು ಅವಳ ಹೆಗಲ ದಿಬ್ಬದ ಹಿಂದೆ ಒತ್ತಿದ. ಆ ಬಾಗು ಕೆಡದಂತೆ ಎತ್ತಿ ಕಾಗದದ ಮೇಲಿಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದುಕೊಂಡ. ನನ್ನ ತೊಡೆಯ ಉದ್ದವನ್ನೂ ಬರೆದುಕೊಂಡ. ಕುದುರೆಯ ಬೆನ್ನುಮೂಳೆ ಬಲಿಯುವುದು ಉಳಿದ ಮೂಳೆಗಳೆಲ್ಲ ಬಲಿತ ಮೇಲೆ, ಐದಾರು ವರ್ಷಕ್ಕೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜೀನು ಬಂದ ದಿನ ನೋಡಿದವರೆಲ್ಲ ‘ಹೇಳಿ ಮಾಡಿಸಿದ ಹಾಗಿದೆ’ ಎಂದರು. ಹೇಳಿಯೇ ಮಾಡಿಸಿದ್ದು. ಹೇಳಿದವನು ನಾನು, ಹೊತ್ತವಳು ಅವಳು.

ವರ್ಷ ತುಂಬುವಷ್ಟರಲ್ಲಿ, ಹೊಟ್ಟೆಪಟ್ಟಿ ಬಿಗಿಯಲು ಹೋದರೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರತೊಡಗಿದಳು. ಕೊಬ್ಬು ಎಂದುಕೊಂಡೆ. ಆಮೇಲೆ ದಿಬ್ಬದ ಎರಡೂ ಬದಿಗೆ, ಕಪ್ಪು ಮೈಮೇಲೆ, ಹೆಬ್ಬೆರಳಗಲ ಬಿಳಿಕೂದಲು ಹುಟ್ಟಿತು. ಒತ್ತಡಕ್ಕೆ ಕೂದಲ ಬುಡ ಕೆಟ್ಟಾಗ ಹಾಗಾಗುತ್ತದೆ. ಅದು ಇಂದಿಗೂ ಹೋಗಿಲ್ಲ. ‘ಎಷ್ಟು ಚೆಂದದ ಚುಕ್ಕೆ, ಹುಟ್ಟಿನಿಂದಲೇ ಇದೆಯೇ?’ ಎಂದು ಯಾರಾದರೂ ಕೇಳಿದರೆ ನಾನು ಬಕೆಟ್ ಎತ್ತಿಕೊಂಡು ನೀರಿಗೆ ಹೋಗುತ್ತೇನೆ.

‘ಈಗ ಹಾಕುತ್ತಿರುವ ಜೀನು ಇದನ್ನು ನೋಯಿಸುತ್ತಿದೆಯೇ?’ ಎಂದು ಕೇಳಿದವರಿಗಾದರೆ ಕೂರಿಸಿ ಹೇಳುತ್ತೇನೆ, ಆದರೆ ಹಾಗೆ ಕೇಳಿದವರು ಇಬ್ಬರೋ ಮೂವರೋ. ಸವಾರಿ ಮುಗಿಸಿ ಜೀನು ಇಳಿಸಿದ ಕೂಡಲೇ ಬೆನ್ನು ನೋಡಿ. ಬೆನ್ನುಮೂಳೆಯ ಮೇಲಿನ ಸಾಲು ಒಣಗಿರುವುದು ಸರಿಯೇ. ಅದರ ಪಕ್ಕದಲ್ಲಿ, ಸುತ್ತ ಬೆವರಿರುವಾಗ ಅಂಗೈಯಗಲ ಜಾಗ ಮಾತ್ರ ಒಣಗಿದ್ದರೆ ಅನುಮಾನಪಡಿ. ಇನ್ನೊಂದು ದಿನ ಜೀನನ್ನು ಬರಿಬೆನ್ನಿನ ಮೇಲಿಟ್ಟು ಅಡಿಗೆ ಕೈ ತೂರಿಸಿ, ಮುಂದಿನಿಂದ ಹಿಂದಕ್ಕೆ ಸರಿಸಿ. ಎರಡು ತುದಿಯಲ್ಲೂ ಬಿಗಿಯಾಗಿದ್ದು ನಡುವೆ ಕೈ ಸಡಿಲವಾಗಿ ಆಡಿದರೆ ನಿಮ್ಮ ಭಾರವೆಲ್ಲ ಆ ನಾಲ್ಕು ಮೂಲೆಗಳ ಮೇಲೆಯೇ. ಮುಂಗಾಲು ಮುಂದಿಟ್ಟಾಗಲೆಲ್ಲ ಭುಜದ ಹಲಗೆಯ ಮೇಲ್ತುದಿ ಹಿಂದಕ್ಕೆ ಜಾರುತ್ತದೆ; ಜೀನು ಅದರ ಮೇಲೇ ಕುಳಿತಿದ್ದರೆ ಹೆಜ್ಜೆಗೊಂದು ಗುದ್ದು. ಹಿಂಭಾಗ ಕೊನೆಯ ಪಕ್ಕೆಲುಬನ್ನು ದಾಟಬಾರದು. ಬಿಗಿಯಾದ ಜೀನಿನ ಅಡಿಗೆ ದಪ್ಪ ಹೊದಿಕೆ ತುರುಕುವ ಜಾಣರು, ಕಚ್ಚುವ ಬೂಟಿನೊಳಗೆ ಇನ್ನೊಂದು ಜೊತೆ ಕಾಲುಚೀಲ ಹಾಕಿಕೊಂಡು ಒಂದು ಮೈಲಿ ನಡೆಯಲಿ.

ಎಷ್ಟೋ ಸಲ ಜೀನಿನ ಅಡಿಮೆತ್ತೆಯ ಒಳಗಿನ ಉಣ್ಣೆಯನ್ನು ಬಿಡಿಸಿ ತುಂಬಿಸಿದರೆ ಸಾಕಾಗುತ್ತದೆ. ಉಣ್ಣೆ ಕೂತು ಗಂಟಾಗುವಂಥದ್ದು. ಅಳತೆಗೆ ಮಾಡಿಸಿದ ಜೀನಿಗೂ ಮೊದಲ ಕೆಲವು ತಿಂಗಳಲ್ಲೇ ಈ ರಿಪೇರಿ ತಪ್ಪಿದ್ದಲ್ಲ. ಜೀನಿಗೆ ಆಕಾರ ಕೊಡುವ ಒಳಗಿನ ಮರದ ಅಚ್ಚೇ ಕಿರಿದಾಗಿದ್ದರೆ ಮಾತ್ರ ಉಣ್ಣೆಯಿಂದ ಏನೂ ಆಗದು. ಬಲಿತ ಕುದುರೆ, ಗಿಡ್ಡ ಬೆನ್ನು, ಉದ್ದ ತೊಡೆಯ ಸವಾರ: ಇವು ಮೂರೂ ಕೂಡಿದ್ದರೆ ಮಾಡಿಸಿ, ನಾನೇ ಬಂದು ಅಳತೆಪಟ್ಟಿ ಹಿಡಿಯುತ್ತೇನೆ.

ಮೊನ್ನೆ ಒಬ್ಬರು ಇದನ್ನೆಲ್ಲ ತಲೆಯಾಡಿಸುತ್ತ ಕೇಳಿಸಿಕೊಂಡರು. ಕುದುರೆಗೆ ಎಷ್ಟು ವಯಸ್ಸು ಎಂದೆ. ಮೂರು ಎಂದರು. ಆಮೇಲೆ ಮೊಬೈಲ್ ತೆಗೆದು ಎರಡು ಚಿತ್ರ ತೋರಿಸಿ, ‘ಮುಂಗಡ ಕೊಟ್ಟಾಗಿದೆ. ಕಪ್ಪು ಚೆನ್ನವೋ, ಕಂದು ಚೆನ್ನವೋ?’ ಎಂದರು.

ಕಂದು ಎಂದೆ. ಕಪ್ಪು ಬೇಕಿದ್ದರೆ ನನ್ನ ಲಾಯದ ಗೋಡೆಯಲ್ಲಿ ಒಂದು ತೂಗುತ್ತಿದೆ. ಚರ್ಮ ಹೊಸದರಂತಿದೆ, ಅಚ್ಚು ಮಾತ್ರ ಸ್ವಲ್ಪ ಕಿರಿದು.