ಶಹಾಬಾದ್ ಕಲ್ಲಿನ ಮೇಲೊಂದು ಬಿಳಿ ಕಲೆ

ಇಂದು ಬೆಳಿಗ್ಗೆ ಕಲಬುರಗಿಯ ನಮ್ಮ ಅಡುಗೆಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ನಿಂಬೆರಸ ಚೆಲ್ಲಿತ್ತು. ಒರೆಸುವಷ್ಟರಲ್ಲಿ ಹೊಳಪು ಹೋಗಿ, ಬೆರಳಿಗೆ ತರಿತರಿಯಾಗಿ ತಾಗುವ ಬಿಳಿ ಕಲೆಯೊಂದು ಉಳಿದಿತ್ತು.

ಸುಣ್ಣದ ಕಲ್ಲಿಗೆ ಹುಳಿ ಆಗದು.

ಹವಳದ ಗೂಡೂ ಸುಣ್ಣದ್ದೇ. ಅದರೊಳಗೆ ಮನೆ ಮಾಡುವ ಕ್ಲಿಯೋನಾ ಎಂಬ ಸ್ಪಂಜು ಜಾತಿಯ ಕಡಲಪ್ರಾಣಿ, ತನ್ನ ಜೀವಕೋಶಗಳ ಅಂಚಿನಿಂದ ಆಮ್ಲ ಒಸರಿಸಿ, ಕೂದಲೆಳೆಯಷ್ಟೇ ದಪ್ಪದ ಚೂರುಗಳನ್ನು ಒಂದೊಂದಾಗಿ ಬಿಡಿಸಿ, ನೀರು ಹೊರಹೋಗುವ ರಂಧ್ರದಿಂದ ಆಚೆ ಹಾಕುತ್ತದೆ. ಚೂರು ಕಿತ್ತಲ್ಲಿ ಪುಟ್ಟ ಗುಳಿ ಉಳಿಯುತ್ತದೆ. ಗುಳಿಗಳು ಕೂಡಿ ಕೋಣೆಯಾಗುತ್ತವೆ. ಆ ಚೂರುಗಳೇ ಹವಳದ ದಿಬ್ಬದ ಸಂದುಗಳನ್ನು ತುಂಬುವ ನುಣುಪು ಪುಡಿಯಾಗುವುದರಿಂದ, ಇದನ್ನು ಬರೀ ಕೇಡು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಕಡಲ ನೀರಿನ ಆಮ್ಲೀಯತೆ ಏರುತ್ತಿರುವಾಗ ಹವಳಕ್ಕೆ ಕಟ್ಟುವುದು ಕಷ್ಟ, ಸ್ಪಂಜಿಗೆ ಕೊರೆಯುವುದು ಸಲೀಸು.

ಆ ಕಲೆಯನ್ನು ಸಂಜೆಯೊಳಗೆ ಮೂರು ಸಲ ಮುಟ್ಟಿ ನೋಡಿದೆ.