ರೋಮ್‌ನ ರೋಶ್ಶೋಲಿ ಬೇಕರಿಗೆ ಹೋಗುವ ಸಸ್ಯಾಹಾರಿಗಳಿಗೆ

ರೋಮ್‌ಗೆ ಹೋಗುವವರು ಕೊಲೋಸಿಯಂ, ವ್ಯಾಟಿಕನ್‌ಗಳ ನಡುವೆ ಒಂದು ಬೆಳಗಿನ ಹೊತ್ತನ್ನು ಕಾಂಪೊ ದೇ ಫಿಯೋರಿ ಚೌಕದ ಆಸುಪಾಸಿಗೆ ತೆಗೆದಿಡಬೇಕೆಂಬುದು ನನ್ನ ಸಲಹೆ. ತೆರ್ಮಿನಿ ರೈಲು ನಿಲ್ದಾಣದಿಂದ 40 ಅಥವಾ 64ನೇ ಸಂಖ್ಯೆಯ ಬಸ್ಸಿನಲ್ಲಿ ಬಂದು ಲಾರ್ಗೊ ಅರ್ಜೆಂತೀನಾದಲ್ಲಿ ಇಳಿದರೆ ಉಳಿದದ್ದು ಕೆಲವೇ ನಿಮಿಷಗಳ ನಡಿಗೆ. 64ನೇ ಬಸ್ಸು ಜೇಬುಗಳ್ಳರಿಗೆ ಹೆಸರಾದದ್ದು. ಪಾಸ್‌ಪೋರ್ಟನ್ನು ಹೊರಗಿನ ಜೇಬಿನಲ್ಲಿ ಇಡಬೇಡಿ.

ಆಂತಿಕೊ ಫೋರ್ನೊ ರೋಶ್ಶೋಲಿ ಇರುವುದು ವಿಯಾ ದೇಯಿ ಕ್ಯಾವಾರಿ ಎಂಬ ಕಿರಿದಾದ ಬೀದಿಯಲ್ಲಿ. ಅದೇ ಹೆಸರಿನ ರೆಸ್ಟೋರೆಂಟು ಪಕ್ಕದ ವಿಯಾ ದೇಯಿ ಜುಬ್ಬೊನಾರಿಯಲ್ಲಿಯೂ ಇದೆ. ಅಲ್ಲಿಗೆ ಮುಂಗಡ ಕಾಯ್ದಿರಿಸಿಯೇ ಹೋಗುವುದು ಒಳ್ಳೆಯದು. ಬೇಕರಿಗೆ ಅದರ ಅಗತ್ಯವಿಲ್ಲ, ಆದರೆ ಮಧ್ಯಾಹ್ನದ ಊಟದ ವೇಳೆಗೆ ಅಂಗಡಿಯೊಳಗೆ ನಿಲ್ಲುವುದಕ್ಕೂ ಜಾಗ ಸಿಗುವುದು ಕಷ್ಟವಾದ್ದರಿಂದ ಹನ್ನೊಂದು ಗಂಟೆಗೆ ಮೊದಲೇ ತಲುಪುವುದು ಉತ್ತಮ.

ಇಲ್ಲಿ ಪಿಜ್ಜಾ ಎಂದರೆ ದುಂಡನೆಯ ತಟ್ಟೆಪಿಜ್ಜಾ ಅಲ್ಲ. ಉದ್ದನೆಯ ಹಲಗೆಯ ಮೇಲೆ ಒಲೆಯಿಂದ ಹೊರಬಂದದ್ದನ್ನು ನೀವು ತೋರಿಸಿದಷ್ಟು ಕತ್ತರಿಸಿ, ತೂಗಿ, ಕಾಗದದಲ್ಲಿ ಸುತ್ತಿಕೊಡುತ್ತಾರೆ. ನೂರು ಗ್ರಾಂಗೆ ಅಲ್ಲಿ ‘ಎತ್ತೊ’ ಎನ್ನುತ್ತಾರೆ. ಒಬ್ಬರ ಹೊಟ್ಟೆ ತುಂಬಲು ಎರಡು ಎತ್ತೊ ಸಾಕು. ಆಲಿವ್ ಎಣ್ಣೆ ಮತ್ತು ಉಪ್ಪು ಮಾತ್ರ ಮೇಲಿರುವ ಪಿಜ್ಜಾ ಬಿಯಾಂಕಾ, ಟೊಮೇಟೊ ಸವರಿದ, ಚೀಸ್ ಇಲ್ಲದ ಪಿಜ್ಜಾ ರೊಸ್ಸಾ, ಇವೆರಡೂ ಸಸ್ಯಾಹಾರಿಗಳಿಗೆ ಮೊದಲ ಆಯ್ಕೆ. ಬಿಯಾಂಕಾ ಹೊರಗೆ ಗರಿಗರಿಯಾಗಿ, ಒಳಗೆ ತೂತುತೂತಾಗಿ ಮೆತ್ತಗಿರುತ್ತದೆ. ಬಿಸಿಯಾಗಿರುವಾಗಲೇ, ಅಂಗಡಿಯ ಹೊರಗೆ ನಿಂತುಕೊಂಡೇ ತಿನ್ನಬೇಕು. ಇಷ್ಟು ಸರಳವಾದ ಪದಾರ್ಥಗಳಿಂದ ಇಷ್ಟು ರುಚಿ ಬರುವುದನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ನಮ್ಮ ಜೊತೆಗಿದ್ದ ಅತ್ತೆಯವರು ಮೊಟ್ಟೆಯನ್ನೂ ಮುಟ್ಟದವರಾದ್ದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಯುರೋಪಿನ ನಿಯಮದಂತೆ ಅಲರ್ಜಿ ಉಂಟುಮಾಡಬಲ್ಲ 14 ಬಗೆಯ ಪದಾರ್ಥಗಳ ಮಾಹಿತಿಯನ್ನು ಅಂಗಡಿಯವರು ಗ್ರಾಹಕರಿಗೆ ಒದಗಿಸಲೇಬೇಕು. ಅದರಲ್ಲಿ ‘ಉಓವಾ’ ಎಂದಿದ್ದರೆ ಮೊಟ್ಟೆ, ‘ಲಾತ್ತೆ’ ಎಂದಿದ್ದರೆ ಹಾಲು. ಕೆನೆ ತುಂಬಿದ ಮಾರಿತೊಟ್ಸೊ ಬನ್ನಿಗೂ ಬಹುತೇಕ ಬಿಸ್ಕತ್ತುಗಳಿಗೂ ಮೊಟ್ಟೆ ಬೀಳುತ್ತದೆ. ಆದರೆ ಹಂದಿಯ ಕೊಬ್ಬು ಅಲರ್ಜಿಯ ಪಟ್ಟಿಗೆ ಸೇರುವುದಿಲ್ಲ, ಆದ್ದರಿಂದ ಪಟ್ಟಿಯನ್ನಷ್ಟೇ ನಂಬಿದರೆ ಸಾಲದು. ಇಟಲಿಯ ಕೆಲವು ಬಗೆಯ ಬ್ರೆಡ್ಡುಗಳಲ್ಲಿ ಅದನ್ನು ಬಳಸುವುದುಂಟು. ಯಾವ ಬೇಕರಿಯಲ್ಲಾದರೂ ‘ಚೆ ಸ್ತ್ರುತ್ತೊ?’ (ಹಂದಿಯ ಕೊಬ್ಬು ಇದೆಯೇ?) ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಕರಿದ ಅನ್ನದ ಉಂಡೆಯಾದ ಸುಪ್ಲಿಗೆ ಮಾಂಸದ ಸಾರು ಸೇರಿಸುವ ರೂಢಿಯಿದೆ. ಪಾರ್ಮೆಸಾನ್ ಚೀಸಿಗೆ ಹಾಲನ್ನು ಗಟ್ಟಿಗೊಳಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆಂಬುದನ್ನೂ ಕಟ್ಟುನಿಟ್ಟಾದ ಸಸ್ಯಾಹಾರಿಗಳು ಗಮನಿಸಬೇಕು.

ಕೊಂಡದ್ದನ್ನು ಹಿಡಿದು ಸ್ಪ್ಯಾನಿಷ್ ಮೆಟ್ಟಿಲುಗಳವರೆಗೆ ಹೋಗಿ ಕೂರುವ ಯೋಚನೆ ಬೇಡ. 2019ರಿಂದ ಅಲ್ಲಿ ಕುಳಿತುಕೊಳ್ಳುವುದಕ್ಕೇ ದಂಡವಿದೆ. ಕುಡಿಯುವ ನೀರಿಗೆ ಬಾಟಲಿ ಕೊಳ್ಳಬೇಕಾಗಿಲ್ಲ, ಬೀದಿಬೀದಿಯಲ್ಲಿರುವ ನಾಸೋನಿ ನಲ್ಲಿಗಳ ನೀರು ಶುದ್ಧವಾದದ್ದು.

ಬಿಯಾಂಕಾ ಸಂಜೆಯ ಹೊತ್ತಿಗೆ ಗಟ್ಟಿಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಉಳಿದು ಚಟ್ನಿಪುಡಿ, ತುಪ್ಪ ಜೊತೆಗೊಯ್ದವರು ದಪ್ಪ ಹೊರಪದರದ ಜೆನ್ಸಾನೊ ಬ್ರೆಡ್ಡು ಸಿಕ್ಕರೆ ಕೊಳ್ಳಲಿ. ಅದು ಕೆಲವು ದಿನ ಕೆಡದೆ ಇರುತ್ತದೆ. ಇಡೀ ಬ್ರೆಡ್ಡು ಹೆಚ್ಚಾಗುವುದಾದರೆ ಅರ್ಧವೋ ಕಾಲೋ ಕತ್ತರಿಸಿ ಕೊಡಿ ಎಂದು ಕೇಳಬಹುದು.