ನಮೀಬಿಯಾ ಪ್ರವಾಸ: ಮ್ಯಾಪಲ್ಲಿ ಕಾಣೋ ಊರುಗಳನ್ನ ನಂಬಿ ಪ್ಲಾನ್ ಮಾಡ್ಬೇಡಿ

ನಮೀಬಿಯಾಗೆ ಹೋಗ್ಬೇಕು ಅಂತ ಇರೋರು ಟಿಕೆಟ್ ಬುಕ್ ಮಾಡೋಕೆ ಮುಂಚೆ ಆ ದೇಶ ಎಷ್ಟು ದೊಡ್ಡದು, ಜನ ಎಲ್ಲೆಲ್ಲಿ ಇದಾರೆ ಅನ್ನೋದನ್ನ ಸರಿಯಾಗಿ ತಿಳ್ಕೊಳ್ಳಿ. ನಾವು ಇದನ್ನ ಹೊರಡೋಕೆ ಮುಂಚೆ ಮಾಡ್ಲಿಲ್ಲ, ಅಲ್ಲಿಗೆ ಹೋಗಿ ಮೂರು ದಿನ ಆದ್ಮೇಲೆ ಅರ್ಥ ಆಯ್ತು.

ವಿಸ್ತೀರ್ಣ ಸುಮಾರು 8.25 ಲಕ್ಷ ಚದರ ಕಿ.ಮೀ., ಅಂದ್ರೆ ಭಾರತದ ಕಾಲು ಭಾಗ. 2023ರ ಜನಗಣತಿ ಪ್ರಕಾರ ಜನಸಂಖ್ಯೆ 30.22 ಲಕ್ಷ. ಮಾಮೂಲಿ ವರ್ಲ್ಡ್ ಮ್ಯಾಪಲ್ಲಿ ಇದು ಅಷ್ಟು ದೊಡ್ಡದಾಗಿ ಕಾಣಲ್ಲ, ಯಾಕಂದ್ರೆ ಆ ಥರದ ಮ್ಯಾಪಲ್ಲಿ ಸಮಭಾಜಕದಿಂದ ದೂರ ಇರೋ ದೇಶಗಳು ಹಿಗ್ಗಿ ಕಾಣ್ತವೆ, ಹತ್ರ ಇರೋವು ತಮ್ಮ ಸೈಜಲ್ಲೇ ಉಳ್ಕೊಳ್ತವೆ. ಈ ದೇಶವನ್ನ 1884ರಿಂದ 1915ರವರೆಗೆ ಆಳಿದ ಜರ್ಮನಿಯಂಥವು ಎರಡು ಇದರೊಳಗೆ ಹಿಡಿಸಿ ಇನ್ನೂ ಜಾಗ ಮಿಗುತ್ತೆ. ಜರ್ಮನಿಲಿ ಎಂಟು ಕೋಟಿ ಮೇಲೆ ಜನ ಇದಾರೆ, ಇಲ್ಲಿ ಮೂವತ್ತು ಲಕ್ಷ.

ಲೆಕ್ಕ ಹಾಕಿದ್ರೆ ಚದರ ಕಿ.ಮೀ.ಗೆ ನಾಲ್ಕು ಜನಾನೂ ಬರಲ್ಲ. ಆದ್ರೆ ಈ ಸರಾಸರಿ ನಂಬ್ಕೊಂಡು ಪ್ಲಾನ್ ಮಾಡಿದ್ರೆ ಎರಡು ಕಡೆನೂ ಮೋಸ ಹೋಗ್ತೀರ, ನಮಗೆ ಆಗಿದ್ದೇ ಅದು.

ಮೊದಲನೆಯದು ಮರುಭೂಮಿ ಕಡೆ. ನಾವು ರಾಜಧಾನಿ ವಿಂಡ್‌ಹುಕ್‌ನಿಂದ ಸೆಸ್ರಿಯಮ್‌ಗೆ ಹೋಗಿ, ಸೊಸುಸ್‌ವ್ಲೈ ಮರಳು ದಿಬ್ಬಗಳನ್ನ ನೋಡ್ಕೊಂಡು, ಅಲ್ಲಿಂದ ಸಿ14 ರಸ್ತೆಲಿ ಕರಾವಳಿಯ ವಾಲ್ವಿಸ್ ಬೇ ಪಟ್ಟಣಕ್ಕೆ ಹೋಗೋದು ಅಂತ ಇಟ್ಕೊಂಡಿದ್ವಿ. ಸೆಸ್ರಿಯಮ್‌ನಿಂದ ವಾಲ್ವಿಸ್ ಬೇಗೆ ಸುಮಾರು 310 ಕಿ.ಮೀ., ನಾಲ್ಕು ಗಂಟೆ ಸಾಕು ಅಂದ್ಕೊಂಡಿದ್ವಿ. ಮ್ಯಾಪಲ್ಲಿ ನಡುವೆ ಸಾಲಿಟೇರ್ ಅಂತ ದಪ್ಪ ಅಕ್ಷರದಲ್ಲಿ ಒಂದು ಊರು ಇದೆ, ಅಲ್ಲಿ ಊಟ ಮಾಡಿ, ಅಂಗಡಿಲಿ ಬೇಕಾದ್ದು ತಗೊಂಡು, ಪಂಕ್ಚರ್ ಆದ್ರೂ ಅಲ್ಲೇ ನೋಡ್ಕೊಂಡ್ರಾಯ್ತು ಅಂತ. ಹೋಗಿ ನೋಡಿದ್ರೆ ಊರೇ ಇಲ್ಲ! ಒಂದು ಪೆಟ್ರೋಲ್ ಬಂಕು, ಒಂದು ಚಿಕ್ಕ ಅಂಗಡಿ, ಒಂದು ಬೇಕರಿ, ಉಳ್ಕೊಳ್ಳೋಕೆ ಒಂದು ಲಾಡ್ಜು, ಮರಳಲ್ಲಿ ಅರ್ಧ ಹೂತಿರೋ ಹಳೇ ಕಾರುಗಳು, ಹೆಚ್ಚುಕಮ್ಮಿ ಅಷ್ಟೇ. ನನಗೆ ಆಮೇಲೆ ಹೊಳೆದಿದ್ದು ಏನಂದ್ರೆ, ಜನ ತುಂಬಿರೋ ದೇಶದ ಮ್ಯಾಪಲ್ಲಿ ಜಾಗ ಸಾಲದೆ ಸಾವಿರಾರು ಊರಿನ ಹೆಸರು ಬಿಟ್ಟಿರ್ತಾರೆ, ಇಲ್ಲಿ ಖಾಲಿ ಜಾಗ ಅಷ್ಟಿರೋದ್ರಿಂದ ಒಂದು ಬಂಕಿಗೂ ಪಟ್ಟಣದ ಥರ ಹೆಸರು ಬರೀತಾರೆ. ಹಾಗಾಗಿ ನಿಮ್ಮ ದಾರಿಲಿರೋ ಪ್ರತಿ ಹೆಸರನ್ನೂ ಸ್ಯಾಟಲೈಟ್ ವ್ಯೂನಲ್ಲಿ ಜೂಮ್ ಮಾಡಿ ಎಷ್ಟು ಛಾವಣಿ ಕಾಣುತ್ತೆ ನೋಡಿ. ಇದೊಂದು ಕೆಲಸ ಮನೇಲಿ ಕೂತು ಮಾಡಿದ್ರೆ ಅರ್ಧ ತೊಂದರೆ ತಪ್ಪುತ್ತೆ.

ಸಾಲಿಟೇರ್ ದಾಟಿ ಸ್ವಲ್ಪ ದೂರ ಹೋದ್ಮೇಲೆ ನಮ್ಮ ಹಿಂದಿನ ಟೈರ್ ಹೋಯ್ತು, ಜಲ್ಲಿ ರಸ್ತೆ, ಚೂಪು ಕಲ್ಲು. ಫೋನಲ್ಲಿ ಸಿಗ್ನಲ್ ಇಲ್ಲ. ಜಾಕ್ ಇಡೋಣ ಅಂದ್ರೆ ಕೆಳಗೆ ನೆಲ ಸಡಿಲ, ಜಾಕೇ ಹೂತ್ಕೊಳ್ತಿತ್ತು. ಮುಕ್ಕಾಲು ಗಂಟೆ ಒಂದು ಗಾಡಿನೂ ಬರ್ಲಿಲ್ಲ, ಆಮೇಲೆ ಒಂದು ಬಕ್ಕಿ (ಪಿಕಪ್ ಗಾಡಿಗೆ ಅಲ್ಲಿ ಹಂಗೇ ಅಂತಾರೆ) ಬಂತು, ನಾವು ಕೈ ಮಾಡೋಕೆ ಮುಂಚೆನೇ ನಿಲ್ಲಿಸಿದ್ರು. ಅವರು ಒಂದು ಹಲಗೆ ತೆಗೆದು ಜಾಕ್ ಕೆಳಗಿಟ್ಟು ಹತ್ತು ನಿಮಿಷದಲ್ಲಿ ಟೈರ್ ಬದಲಾಯಿಸಿ ಕೊಟ್ರು, ನಮ್ಮತ್ರ ನೀರು ಎಷ್ಟಿದೆ ಅಂತ ಕೇಳಿ ನೋಡಿದ್ಮೇಲೇನೇ ಹೊರಟಿದ್ದು. ಆ ರಸ್ತೇಲಿ ನಿಂತಿರೋ ಗಾಡಿ ಕಂಡ್ರೆ ನೀವೂ ನಿಲ್ಲಿಸಿ, ದಯವಿಟ್ಟು.

ಅದಕ್ಕೇ ಹೇಳ್ತಿರೋದು, ಎರಡು ಸ್ಟೆಪ್ನಿ ಇರೋ ಗಾಡಿನೇ ಬಾಡಿಗೆಗೆ ತಗೊಳ್ಳಿ, ಒಂದು ಹಲಗೆ ಇಟ್ಕೊಳ್ಳಿ, ಒಬ್ಬರಿಗೆ ದಿನಕ್ಕೆ ಐದು ಲೀಟರ್ ನೀರು ಲೆಕ್ಕ ಹಾಕಿ. ಬಿ ಅಂತ ಶುರುವಾಗೋ ರಸ್ತೆಗಳು ಟಾರು, ಸಿ ರಸ್ತೆಗಳು ಬಹುಪಾಲು ಜಲ್ಲಿ, ಡಿ ಇನ್ನೂ ಚಿಕ್ಕವು. ಜಲ್ಲಿ ಮೇಲೆ 80ರ ಮೇಲೆ ಹೋಗ್ಬೇಡಿ, ಬ್ರೇಕ್ ಹಾಕಿದ್ರೆ ಗಾಡಿ ಜಾರಿ ಪಲ್ಟಿ ಹೊಡೆಯುತ್ತೆ. ನಮ್ಮ ಅನುಭವದಲ್ಲಿ ಜಲ್ಲಿ ಮೇಲೆ ನಿಂತು, ಫೋಟೋ ತೆಗೆದು ಎಲ್ಲ ಸೇರಿ ಗಂಟೆಗೆ 50–60 ಕಿ.ಮೀ. ಹಿಡಿದ್ರೆ ಲೆಕ್ಕ ಸರಿಹೋಗುತ್ತೆ. ಟ್ಯಾಂಕ್ ಅರ್ಧ ಆಯ್ತು ಅಂದ್ರೆ ಸಿಕ್ಕಿದ ಬಂಕಲ್ಲಿ ತುಂಬಿಸಿ. ಒಳಗಡೆ ಬಂಕುಗಳಲ್ಲಿ ಕಾರ್ಡ್ ನಂಬ್ಕೋಬೇಡಿ, ಕ್ಯಾಶ್ ಇರ್ಲಿ, ನಮೀಬಿಯಾ ಡಾಲರ್‌ಗೂ ದಕ್ಷಿಣ ಆಫ್ರಿಕಾದ ರ‍್ಯಾಂಡ್‌ಗೂ ಒಂದಕ್ಕೊಂದು ಬೆಲೆ, ಎರಡೂ ನಡೆಯುತ್ತೆ. ಕತ್ತಲಾದ್ಮೇಲೆ ಓಡಿಸ್ಲೇಬೇಡಿ, ಕುಡು (ಒಂದು ಜಾತಿ ದೊಡ್ಡ ಜಿಂಕೆ ಥರದ ಪ್ರಾಣಿ), ಕಾಡುಹಂದಿ ಎಲ್ಲ ರಸ್ತೆಗೆ ಬರ್ತವೆ, ಜುಲೈ ಚಳಿಗಾಲದಲ್ಲಿ ಆರೂವರೆ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತೆ.

ಎರಡನೇ ಮೋಸ ಉತ್ತರದಲ್ಲಿ. ಎತೋಷ ವನ್ಯಜೀವಿ ಪಾರ್ಕು (ಅದೊಂದೇ 22 ಸಾವಿರ ಚದರ ಕಿ.ಮೀ. ದಾಟುತ್ತೆ, ಒಳಗೆ ಸ್ಪೀಡು 60) ಎರಡು ದಿನ ಸುತ್ತಿ ಉತ್ತರದ ಕಿಂಗ್ ನೆಹಾಲೆ ಗೇಟಿಂದ ಆಚೆ ಬಂದು ಒಂಡಾಂಗ್ವ ಪಟ್ಟಣದ ಕಡೆ ಹೊರಟ್ರೆ ಬೇರೆ ದೇಶಕ್ಕೆ ಬಂದಂಗಾಯ್ತು. ಸಾಲು ಸಾಲು ಮನೆ, ಅಂಗಡಿ, ಸ್ಕೂಲ್ ಮಕ್ಕಳು, ರಸ್ತೆ ಮೇಲೆ ಮೇಕೆ, ಕತ್ತೆ. ಅಲ್ಲಿನ ನಾಲ್ಕು ಉತ್ತರದ ಪ್ರಾಂತ್ಯಗಳು ಮತ್ತೆ ವಿಂಡ್‌ಹುಕ್ ಇರೋ ಖೋಮಸ್, ಈ ಐದರಲ್ಲೇ ದೇಶದ ಅರ್ಧಕ್ಕಿಂತ ಜಾಸ್ತಿ ಜನ ಇರೋದು. ಉತ್ತರದ ಒಹಾಂಗ್ವೆನಾದಲ್ಲಿ ಮೂರು ಲಕ್ಷದ ಮೇಲೆ ಜನ, ದಕ್ಷಿಣದ ಕರಸ್ ಅದಕ್ಕಿಂತ ಹದಿನೈದು ಪಟ್ಟು ದೊಡ್ಡದು, ಅಲ್ಲಿ ಸುಮಾರು ಒಂದು ಲಕ್ಷ ಹತ್ತು ಸಾವಿರ ಅಷ್ಟೇ.

ಯಾಕೆ ಹಿಂಗೆ ಅಂದ್ರೆ ಮೊದಲ ಕಾರಣ ಮಳೆ. ಉತ್ತರದಲ್ಲಿ ಮಳೆ ಬರುತ್ತೆ, ಅಂಗೋಲಾ ಕಡೆಯಿಂದ ಬರೋ ನೀರು ಒಶಾನ ಅನ್ನೋ ಆಳವಿಲ್ಲದ ಹಳ್ಳಗಳಲ್ಲಿ ಹರಡ್ಕೊಳ್ಳುತ್ತೆ, ಮಹಾಂಗು ಬೆಳೀತಾರೆ, ಅದು ನಮ್ಮ ಸಜ್ಜೆನೇ. ಕರಾವಳಿಲಿ ಬೆಂಗ್ವೇಲಾ ಅನ್ನೋ ತಣ್ಣನೆ ಸಮುದ್ರ ಪ್ರವಾಹದಿಂದ ಮಂಜು ಬರುತ್ತೆ, ಮಳೆ ಬರಲ್ಲ. ಆದ್ರೆ ಎಲ್ಲಾ ಖಾಲಿತನಕ್ಕೂ ಮರುಭೂಮಿ ಕಾರಣ ಅಲ್ಲ. 1904ರಿಂದ 1908ರವರೆಗೆ ಜರ್ಮನ್ ಸೈನ್ಯ ಹೆರೆರೊ, ನಾಮ ಅನ್ನೋ ಸಮುದಾಯಗಳ ಜನರನ್ನ ಹತ್ತಾರು ಸಾವಿರ ಸಂಖ್ಯೆಲಿ ಕೊಂದು ಅವರ ಭೂಮಿ ಕಿತ್ಕೊಂಡ್ರು, 2021ರಲ್ಲಿ ಜರ್ಮನಿ ಸರ್ಕಾರ ಇದನ್ನ ನರಮೇಧ ಅಂತ ಒಪ್ಕೊಳ್ತು. ನಡುನಾಡಲ್ಲಿ ಗಂಟೆಗಟ್ಟಲೆ ಫಾರ್ಮ್‌ಗಳ ಬೇಲಿ ಪಕ್ಕದಲ್ಲೇ ಗಾಡಿ ಓಡಿಸುವಾಗ ಇದು ಗೊತ್ತಿರ್ಬೇಕು, ಅಲ್ಲಿ ಮುಂಚೆ ಜನ ಇದ್ರು.

ಉತ್ತರದ ರಸ್ತೆ ಟಾರೇ, ಆದ್ರೆ ದನಕರು, ನಡ್ಕೊಂಡು ಹೋಗೋರು ತುಂಬಾ ಇರೋದ್ರಿಂದ ಅಲ್ಲೂ ಟೈಮ್ ಹಿಡಿಯುತ್ತೆ. ವಾಪಸ್ ಬಿ1ರಲ್ಲಿ ದಕ್ಷಿಣಕ್ಕೆ ಬರುವಾಗ ಒಶಿವೇಲೋ ಚೆಕ್‌ಪೋಸ್ಟಲ್ಲಿ ಗಾಡಿ ನೋಡ್ತಾರೆ, ದನಗಳ ರೋಗ ಹರಡಬಾರ್ದು ಅಂತ ಹಸಿ ಮಾಂಸ ತರೋಕೆ ಬಿಡಲ್ಲ. ಒಂಡಾಂಗ್ವದಿಂದ ವಿಂಡ್‌ಹುಕ್ ಹೆಚ್ಚುಕಮ್ಮಿ 700 ಕಿ.ಮೀ., ಒಂದೇ ದಿನಕ್ಕೆ ಹಾಕ್ಬೇಡಿ, ನಾವು ಓಚಿವಾರೊಂಗೊದಲ್ಲಿ ಒಂದು ರಾತ್ರಿ ಉಳ್ಕೊಂಡ್ವಿ.

ನಮ್ಮದು ಹತ್ತು ದಿನ ಇತ್ತು. ದಕ್ಷಿಣದಲ್ಲಿರೋ ಫಿಶ್ ರಿವರ್ ಕ್ಯಾನ್ಯನ್ (ದೊಡ್ಡ ಆಳವಾದ ಕಣಿವೆ) ನೋಡ್ಬೇಕು ಅಂತ ತುಂಬಾ ಆಸೆ ಇತ್ತು, ಟೈರ್ ಹೋದ ದಿನ ರಾತ್ರಿ ವಾಲ್ವಿಸ್ ಬೇಲಿ ಕೂತು ಮತ್ತೆ ಲೆಕ್ಕ ಹಾಕಿ ಲಿಸ್ಟಿಂದ ತೆಗೆದ್ವಿ. ಅದೂ ಬೇಕು ಅಂದ್ರೆ ಹದಿನಾಲ್ಕು ದಿನ ಇಟ್ಕೊಳ್ಳಿ, ಇಲ್ಲಾಂದ್ರೆ ದಕ್ಷಿಣ ಒಂದು ಟ್ರಿಪ್, ಉತ್ತರ ಇನ್ನೊಂದು ಟ್ರಿಪ್ ಅಂತ ಮಾಡ್ಕೊಳ್ಳಿ.